ಸೀಸದ ಸೂರ್ಯ: ಲಂಡನ್ನಿನ ಅಗ್ನಿಮುದ್ರೆಯ ಒಂದು ತಪ್ಪು ಓದು

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಒಂದು ಮನೆಗೆ ಬೆಂಕಿ ಬೀಳುತ್ತದೆ. ವಿಮಾ ಕಂಪನಿಯ ಪಂಪಿನ ಬಂಡಿ ಓಡಿ ಬರುತ್ತದೆ. ದಳದ ಮುಖಂಡ ತಲೆಯೆತ್ತಿ ಗೋಡೆ ನೋಡುತ್ತಾನೆ. ಅಲ್ಲಿ ತನ್ನ ಕಂಪನಿಯ ಸೀಸದ ತಗಡು ಕಾಣದಿದ್ದರೆ ಬಂಡಿ ಹಿಂದಕ್ಕೆ ಹೊರಳುತ್ತದೆ, ಮನೆ ಉರಿದು ಬೂದಿಯಾಗುತ್ತದೆ. ಈ ಕಥೆಯನ್ನು ನಾನು ಮೊದಲು ಓದಿದ್ದು ಬಿ.ಎ. ತರಗತಿಯ ಟಿಪ್ಪಣಿಯಲ್ಲಿ. ಆಮೇಲೆ ಪ್ರವಾಸಿ ಕೈಪಿಡಿಗಳಲ್ಲಿ ಕಂಡೆ. ಕೊನೆಗೆ ನನಗೆ ಅರ್ಥಶಾಸ್ತ್ರ ಕಲಿಸಿದ ಹಿರಿಯರೊಬ್ಬರ ಕನ್ನಡ ಲೇಖನದಲ್ಲೇ ಎದುರಾಯಿತು. ಅವರ ಹೆಸರು ಇಲ್ಲಿ ಬೇಡ. ಅವರ ಋಣ ನನ್ನ ಮೇಲಿದೆ, ಈ ತಕರಾರು ಅವರೊಬ್ಬರ ಮೇಲಿನದೂ ಅಲ್ಲ.

ಅವರು ಆ ಲೇಖನ ಬರೆಯಲು ನೆಪವಾದದ್ದು ಅಮೆರಿಕದ ಟೆನೆಸ್ಸಿ ರಾಜ್ಯದ ಒಬಿಯನ್ ಕೌಂಟಿಯಲ್ಲಿ 2010ರ ಸೆಪ್ಟೆಂಬರಿನಲ್ಲಿ ನಡೆದ ಘಟನೆ. ಸೌತ್ ಫುಲ್ಟನ್ ಎಂಬ ಪುಟ್ಟ ಪಟ್ಟಣದ ಅಗ್ನಿಶಾಮಕ ದಳ, ಪಟ್ಟಣದಾಚೆಯ ಹಳ್ಳಿಗರಿಗೆ ವರ್ಷಕ್ಕೆ 75 ಡಾಲರ್ ಐಚ್ಛಿಕ ಶುಲ್ಕದ ಮೇಲೆ ಸೇವೆ ಕೊಡುತ್ತಿತ್ತು. ಶುಲ್ಕ ಕಟ್ಟದಿದ್ದ ಒಂದು ಕುಟುಂಬದ ಮನೆಗೆ ಬೆಂಕಿ ಬಿತ್ತು. ಎಷ್ಟು ಖರ್ಚಾದರೂ ಕೊಡುತ್ತೇವೆಂದು ಮನೆಯವರು ಅಂಗಲಾಚಿದರೂ ದಳ ನೀರು ಹಾಯಿಸಲಿಲ್ಲ. ಬೆಂಕಿ ಪಕ್ಕದವರ ಹೊಲಕ್ಕೆ ಹಬ್ಬಿದಾಗ ಅದೇ ದಳ ಬಂದು ಹೊಲದ ಬೆಂಕಿ ಆರಿಸಿತು, ಏಕೆಂದರೆ ಪಕ್ಕದವರ ಹಣ ಸಂದಾಯವಾಗಿತ್ತು. ಮನೆ ಅವರ ಕಣ್ಣೆದುರೇ ಉರಿಯಿತು. ಈ ವ್ಯವಸ್ಥೆಯನ್ನು ಖಂಡಿಸಿದವರು ‘ಲಂಡನ್ನಿನ ಕ್ರೌರ್ಯ ಮರಳಿ ಬಂತು’ ಎಂದರು. ಸಮರ್ಥಿಸಿದವರು ‘ಲಂಡನ್ ಹೀಗೇ ನೂರೈವತ್ತು ವರ್ಷ ನಡೆಯಲಿಲ್ಲವೇ’ ಎಂದು ಕೇಳಿದರು. ಇಬ್ಬರೂ ಒಂದೇ ಸಾಕ್ಷ್ಯಕ್ಕೆ ಜೋತುಬಿದ್ದಿದ್ದಾರೆ, ಅದು ಗೋಡೆಯ ಮೇಲಿನ ಸೀಸದ ತಗಡು. ಆ ತಗಡು ಅವರಿಬ್ಬರೂ ಹೇಳುವುದನ್ನು ಹೇಳುವುದಿಲ್ಲ ಎಂಬುದು ನನ್ನ ವಾದ.

ಶಾಸನ ಓದುವ ಅಭ್ಯಾಸವಿರುವ ಯಾರೂ ಕಲ್ಲಿನ ಮೇಲ್ತುದಿಯ ಸೂರ್ಯ-ಚಂದ್ರರನ್ನಷ್ಟೇ ನೋಡಿ ಶಾಸನದ ತಾತ್ಪರ್ಯ ಹೇಳುವುದಿಲ್ಲ. ಕೆಳಗಿನ ಸಾಲುಗಳನ್ನು ಓದುತ್ತಾರೆ. ಅಗ್ನಿಮುದ್ರೆ ಎಂದು ಕರೆಯುವ ಈ ಸೀಸದ ತಗಡಿನ ವಿಷಯದಲ್ಲಿ ಎಲ್ಲರೂ ನೋಡಿರುವುದು ಮೇಲಿನ ಲಾಂಛನವನ್ನು ಮಾತ್ರ. ಸನ್ ಫೈರ್ ಆಫೀಸಿನದಾದರೆ ಕಿರಣ ಚಾಚಿದ ಸೂರ್ಯಮುಖ, ಹ್ಯಾಂಡ್-ಇನ್-ಹ್ಯಾಂಡ್ ಕಂಪನಿಯದಾದರೆ ಬೆಸೆದ ಎರಡು ಕೈ. ಅದರ ಕೆಳಗೆ, ಹಳೆಯ ತಗಡುಗಳಲ್ಲಿ ತಪ್ಪದೆ, ಒಂದು ಸಂಖ್ಯೆ ಒತ್ತಿರುತ್ತದೆ. ಅದು ಮನೆಯ ಸಂಖ್ಯೆಯಲ್ಲ, ಪಾಲಿಸಿಯ ಸಂಖ್ಯೆ.

ಕತ್ತಲಲ್ಲಿ, ಹೊಗೆಯ ನಡುವೆ, ಮಹಡಿಯ ಎತ್ತರದಲ್ಲಿ ಬಡಿದ ತಗಡಿನ ಐದಂಕಿಯ ಸಂಖ್ಯೆಯನ್ನು ಬಂಡಿಯ ಆಳುಗಳು ಓದಿ ಏನು ಮಾಡಬೇಕಿತ್ತು? ಅವರು ಥೇಮ್ಸ್ ನದಿಯ ದೋಣಿಗರು, ಬೆಂಕಿ ಬಿದ್ದಾಗ ಮಾತ್ರ ಕಂಪನಿಯ ಸಮವಸ್ತ್ರ ತೊಡುವವರು. ಲೆಡ್ಜರು ಅವರ ಜೇಬಿನಲ್ಲಿರಲಿಲ್ಲ. ಸಂಖ್ಯೆ ಬೇಕಾಗಿದ್ದು ಕಚೇರಿಯ ಗುಮಾಸ್ತನಿಗೆ, ಅದೂ ಬೆಂಕಿ ಆರಿದ ಮೇಲೆ. ಸನ್ ಕಂಪನಿಯ ಆರಂಭದ ದಶಕಗಳ ಪಾಲಿಸಿಗಳಲ್ಲಿ ಇದಕ್ಕೆ ಕಾರಣವನ್ನೂ ಹೇಳಿದೆ: ಮೋಸ ತಡೆಯುವ ಸಲುವಾಗಿ, ಮುದ್ರೆಯನ್ನು ಗೋಡೆಗೆ ಬಡಿಯುವ ತನಕ ಮನೆಯನ್ನು ವಿಮೆಗೊಳಪಟ್ಟದ್ದೆಂದು ಎಣಿಸಲಾಗದು. ಮೋಸ ಎಂದರೆ ಯಾರದು? ಬೆಂಕಿ ಬಿದ್ದ ಮೇಲೆ ‘ನನ್ನ ಪಾಲಿಸಿ ಈ ಮನೆಗೇ ಸೇರಿದ್ದು’ ಎಂದು ಬರುವವನದು. ನಂಬರಿಲ್ಲದ ಬೀದಿಗಳ ಊರಿನಲ್ಲಿ ಕಾಗದವನ್ನು ಕಟ್ಟಡಕ್ಕೆ ಗಂಟುಹಾಕುವ ಉಪಾಯ ಇದು. ನಮ್ಮಲ್ಲಿ ದತ್ತಿ ಬಿಟ್ಟ ಭೂಮಿಯ ಎಲ್ಲೆಗೆ ನೆಟ್ಟ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು ಮಾಡಿದ್ದೂ ಇದನ್ನೇ. ವಾಮನಮುದ್ರೆ ಇದ್ದ ಹೊಲಕ್ಕೆ ಮಾತ್ರ ಮಳೆ ಬೀಳುತ್ತಿತ್ತು ಎಂದು ಯಾರಾದರೂ ಬರೆದರೆ ನಾವು ನಗುತ್ತೇವೆ.

ಅದೇ ಪಾಲಿಸಿಯಲ್ಲಿ ಮತ್ತೊಂದು ಮಾತಿದೆ, ನಮ್ಮ ಹಿರಿಯರು ಎತ್ತಿ ತೋರಿಸುವುದು ಇದನ್ನೇ. ನೀಲಿ ಸಮವಸ್ತ್ರ, ತೋಳಿಗೆ ಬೆಳ್ಳಿಯ ಬಿಲ್ಲೆ ಧರಿಸಿದ ಮೂವತ್ತು ಮಂದಿ ಗಟ್ಟಿಮುಟ್ಟು ಅಗ್ನಿಶಾಮಕರು, ಜೊತೆಗೆ ಇಪ್ಪತ್ತು ಮಂದಿ ಹಮಾಲರು ತಮ್ಮ ಸೇವೆಯಲ್ಲಿದ್ದಾರೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಹೌದು, ಇದು ಗಿರಾಕಿಗಳನ್ನು ಸೆಳೆಯುವ ಮಾತು. ಆದರೆ ‘ನಿಮಗೆ ಇವರಿದ್ದಾರೆ’ ಎನ್ನುವುದಕ್ಕೂ ‘ಉಳಿದವರಿಗೆ ಇಲ್ಲ’ ಎನ್ನುವುದಕ್ಕೂ ನಡುವೆ ಇರುವ ಕಂದಕವನ್ನು ಒಂದು ಜಾಹೀರಾತು ದಾಟಿಸಲಾರದು. ಹಮಾಲರ ವಿಷಯದಲ್ಲಿ ಮಾತ್ರ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರ ಕೆಲಸ ಸಾಮಾನು ಹೊರಗೆ ಸಾಗಿಸುವುದು. ಎರಡು ಮನೆಯ ಸಾಮಾನು ಅಪಾಯದಲ್ಲಿದ್ದರೆ ಅವರು ತಮ್ಮ ಕಂಪನಿ ಹಣ ತೆರಬೇಕಾದ ಸಾಮಾನಿಗೇ ಮೊದಲು ಕೈ ಹಾಕಿದ್ದಾರು. ಪಕ್ಷಪಾತ ಇದ್ದಿದ್ದರೆ ಅದು ಇದ್ದದ್ದು ಮಂಚ-ಪೆಟ್ಟಿಗೆಗಳ ಸಾಗಣೆಯಲ್ಲಿ. ನೀರನ್ನು ಹಾಗೆ ಹಂಚಲು ಬರುವುದಿಲ್ಲ.

ಏಕೆ ಬರುವುದಿಲ್ಲ ಎಂಬುದಕ್ಕೆ ಲಂಡನ್ನಿನ ಸಾಲುಮನೆಗಳೇ ಉತ್ತರ. ಎರಡು ಮನೆಗೆ ಗೋಡೆ ಒಂದೇ. ನಡುಮನೆಯವನು ವಿಮೆ ಮಾಡಿಸಿಲ್ಲವೆಂದು ಅವನನ್ನು ಉರಿಯಲು ಬಿಟ್ಟರೆ ಅರ್ಧ ಗಂಟೆಯಲ್ಲಿ ಅಕ್ಕಪಕ್ಕದ ಇಬ್ಬರು ವಿಮೆದಾರರಿಗೆ ಕಂಪನಿ ದುಡ್ಡು ಎಣಿಸಬೇಕು. ಲೆಕ್ಕ ಬಲ್ಲ ಯಾವ ಕಂಪನಿಯೂ ಬಂಡಿ ತಿರುಗಿಸುವುದಿಲ್ಲ. ಕಂಪನಿಗಳನ್ನು ದಯಾಳುಗಳೆಂದು ಹೇಳಲು ನಾನು ಹೊರಟಿಲ್ಲ. ಅವು ಲೋಭಿಗಳಾಗಿದ್ದರೂ ಸಾಕಿತ್ತು.

ಕಾನೂನೂ ಇತ್ತು. ಕಥೆ ಹೇಳುವವರು ಇದನ್ನು ಓದಿಯೇ ಇಲ್ಲವೇನೋ ಎಂದು ಅನುಮಾನ ಬರುವಷ್ಟು ನಿರ್ಲಕ್ಷ್ಯಕ್ಕೆ ಒಳಗಾದ ಆಕರ ಇದು. 1707ರ ಅಧಿನಿಯಮ ಲಂಡನ್ನಿನ ಪ್ರತಿ ಪ್ಯಾರಿಷ್, ಅಂದರೆ ಚರ್ಚಿನ ಸುತ್ತಣ ಸ್ಥಳೀಯ ಆಡಳಿತ ಘಟಕ, ಪಂಪಿನ ಬಂಡಿ ಇಟ್ಟುಕೊಳ್ಳಬೇಕೆಂದು ವಿಧಿಸಿತು. 1774ರ ಕಟ್ಟಡ ಅಧಿನಿಯಮದಲ್ಲಿ ಬಹುಮಾನದ ದರಗಳು ಸ್ಪಷ್ಟವಾಗಿವೆ. ಮೊದಲು ಬಂದ ಬಂಡಿಗೆ 30 ಶಿಲ್ಲಿಂಗ್, ಎರಡನೆಯದಕ್ಕೆ 20, ಮೂರನೆಯದಕ್ಕೆ 10. ಬೀದಿಯ ನೀರಿನ ಕೊಳವೆಯನ್ನು ಮೊದಲು ತೆರೆದವನಿಗೂ 10. ಕೊಡಬೇಕಾದವರು ಪ್ಯಾರಿಷ್ಷಿನವರು, ಅಂದರೆ ಕಡ್ಡಾಯ ತೆರಿಗೆಯ ಹಣ. ಉರಿಯುವ ಮನೆ ಯಾರ ವಿಮೆಯಲ್ಲಿದೆ ಎಂಬ ಪ್ರಶ್ನೆಯೇ ಈ ದರಪಟ್ಟಿಯಲ್ಲಿ ಬರುವುದಿಲ್ಲ. ಪ್ಯಾರಿಷ್ಷಿನ ಬಂಡಿಗಳು ತುಕ್ಕು ಹಿಡಿದಿದ್ದವು, ಸರಿ. ಡಿಕನ್ಸ್ ತನ್ನ ಮೊದಲ ಪುಸ್ತಕದಲ್ಲೇ ಅವನ್ನು ಗೇಲಿ ಮಾಡಿದ್ದಾನೆ. ಪ್ಯಾರಿಷ್ಷಿನ ಸೋಮಾರಿತನ ಕಂಪನಿಯ ಕ್ರೌರ್ಯಕ್ಕೆ ಪುರಾವೆಯಾಗುವುದಿಲ್ಲ.

ಇನ್ನೂ ನಂಬದವರು ಫಿಲಡೆಲ್ಫಿಯಾಕ್ಕೆ ಬರಲಿ. ಅಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1736ರಲ್ಲಿ ಸ್ವಯಂಸೇವಕರ ಯೂನಿಯನ್ ಫೈರ್ ಕಂಪನಿ ಕಟ್ಟಿದರು, 1752ರಲ್ಲಿ ಕಾಂಟ್ರಿಬ್ಯೂಷನ್‌ಶಿಪ್ ಎಂಬ ವಿಮಾ ಸಂಸ್ಥೆ ಶುರುವಾಯಿತು. ಬೆಸೆದ ಕೈಗಳ ಮುದ್ರೆ ಅಲ್ಲಿಯೂ ಗೋಡೆಗೇರಿತು. ಆದರೆ ಬೆಂಕಿ ಆರಿಸುತ್ತಿದ್ದವರು ಸ್ವಯಂಸೇವಕರು, ವಿಮಾ ಸಂಸ್ಥೆಗೆ ಸ್ವಂತ ದಳವೇ ಇರಲಿಲ್ಲ. ಮನೆಯೆದುರು ಮರವಿದ್ದರೆ ವಿಮೆ ಕೊಡುವುದಿಲ್ಲವೆಂದು ಆ ಸಂಸ್ಥೆ ಹಟ ಹಿಡಿದಾಗ 1784ರಲ್ಲಿ ಮತ್ತೊಂದು ಸಂಸ್ಥೆ ಹುಟ್ಟಿ, ಹಸಿರು ಮರವನ್ನೇ ತನ್ನ ಮುದ್ರೆ ಮಾಡಿಕೊಂಡಿತು. ಮುದ್ರೆ ಇದೆ, ದಳ ಇಲ್ಲ. ಮುದ್ರೆಯ ಅರ್ಥ ‘ಇಲ್ಲಿ ನೀರು ಹಾಯಿಸು’ ಎಂದಾದರೆ ಅಲ್ಲಿ ಅದನ್ನು ಓದಬೇಕಾದವರು ಯಾರು? ಇಂಗ್ಲೆಂಡಿನಲ್ಲೂ ಕಾಲ ಕಳೆದಂತೆ ಸೀಸ ಹೋಗಿ ತಾಮ್ರ, ತವರ ಬಂದವು, ಸಂಖ್ಯೆ ಮಾಯವಾಯಿತು, ಲಾಂಛನ ಮಾತ್ರ ದೊಡ್ಡದಾಯಿತು. ಆ ಹೊತ್ತಿಗೆ ಅದು ಅಂಗಡಿಯ ಬೋರ್ಡು.

ಇಲ್ಲೊಂದು ಪಕ್ಕದಾರಿ. ಇದೇ ಕಥೆಗೆ ರೋಮಿನ ಅಜ್ಜನೊಬ್ಬನನ್ನೂ ಹುಡುಕಿದ್ದಾರೆ. ಕ್ರಾಸಸ್ ಎಂಬ ಸಿರಿವಂತ ತನ್ನ ಅಗ್ನಿಶಾಮಕ ದಳದೊಂದಿಗೆ ಬಂದು, ಮನೆಯೊಡೆಯ ಅಗ್ಗಕ್ಕೆ ಮಾರಲು ಒಪ್ಪುವ ತನಕ ಕೈಕಟ್ಟಿ ನಿಲ್ಲುತ್ತಿದ್ದನಂತೆ. ಪ್ಲುಟಾರ್ಕ್ ಬರೆದ ಜೀವನಚರಿತ್ರೆ ತೆರೆದು ನೋಡಿದರೆ ಅಲ್ಲಿ ದಳ ಇಲ್ಲ. ಕ್ರಾಸಸ್ ಉರಿಯುತ್ತಿರುವ ಮನೆಗಳನ್ನೂ ಅವುಗಳ ಪಕ್ಕದವನ್ನೂ ಭಯದಲ್ಲಿದ್ದ ಒಡೆಯರಿಂದ ಅಗ್ಗಕ್ಕೆ ಕೊಳ್ಳುತ್ತಿದ್ದ. ಅವನ ಬಳಿ ವಾಸ್ತುಶಿಲ್ಪಿಗಳೂ ಕಟ್ಟಡ ಕೆಲಸದವರೂ ಆದ ಐನೂರಕ್ಕೂ ಹೆಚ್ಚು ಗುಲಾಮರಿದ್ದರು, ಅಷ್ಟೇ. ಗುಲಾಮರ ಕೈಗೆ ಬಕೆಟ್ ಕೊಟ್ಟವರು ಈಚಿನವರು. ರೋಮಿನಲ್ಲಿ ಸ್ವಂತ ಆಳುಗಳಿಂದ ಬೆಂಕಿ ಆರಿಸಿದವನು ನಿಜಕ್ಕೂ ಒಬ್ಬನಿದ್ದ, ಎಗ್ನೇಷಿಯಸ್ ರೂಫಸ್. ಅವನು ಜನಪ್ರಿಯನಾಗಿ ಬೆಳೆದದ್ದು ಆಗಸ್ಟಸ್‌ಗೆ ತಲೆನೋವಾಯಿತು, ಮುಂದೆ ಪಿತೂರಿಯ ಆರೋಪದ ಮೇಲೆ ಅವನ ಪ್ರಾಣವೂ ಹೋಯಿತು. ಕ್ರಿ.ಶ. 6ರಲ್ಲಿ ಆಗಸ್ಟಸ್ ಸ್ಥಾಪಿಸಿದ ಅಗ್ನಿಕಾವಲು ಪಡೆ ನಡೆದದ್ದು ಗುಲಾಮರ ಮಾರಾಟದ ಮೇಲೆ ಹಾಕಿದ ತೆರಿಗೆಯಿಂದ. ಅದೂ ಬೆಂಕಿ ಬಿದ್ದವನ ಶುಲ್ಕವಲ್ಲ. ಕ್ರಾಸಸ್‌ನನ್ನು ಉದ್ಧರಿಸುವುದು ನನ್ನ ಕೆಲಸವಲ್ಲ. ಆದರೆ ಮೂಲ ನೋಡದೆ ಅಡಿಟಿಪ್ಪಣಿಯಿಂದ ಅಡಿಟಿಪ್ಪಣಿಗೆ ಜಿಗಿಯುವ ಚಾಳಿ ಎರಡೂ ಕಡೆ ಒಂದೇ.

ಲಂಡನ್ನಿಗೆ ಮರಳೋಣ. 1833ರ ಜನವರಿ 1ರಂದು ಹತ್ತು ಕಂಪನಿಗಳು ತಮ್ಮ ದಳಗಳನ್ನು ಕೂಡಿಸಿ ಲಂಡನ್ ಫೈರ್ ಎಂಜಿನ್ ಎಸ್ಟಾಬ್ಲಿಷ್‌ಮೆಂಟ್ ಮಾಡಿದವು. ಎಡಿನ್‌ಬರೋದಿಂದ ಬಂದ ಜೇಮ್ಸ್ ಬ್ರೇಡ್‌ವುಡ್ ಅದರ ಮುಖ್ಯಸ್ಥ. ಈ ದಳ ಹೋದ ಬೆಂಕಿಗಳ ವಾರ್ಷಿಕ ಪಟ್ಟಿಯನ್ನು ವಿಲಿಯಂ ಬ್ಯಾಡ್ಲಿ ಎಂಬಾತ ಮೆಕ್ಯಾನಿಕ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದ. ಬೇಸರ ಹುಟ್ಟಿಸುವ ಕೋಷ್ಟಕಗಳು. ಅದಕ್ಕೇ ಅವುಗಳನ್ನು ಯಾರೂ ಓದುವುದಿಲ್ಲ. ಅವುಗಳಲ್ಲಿ ಕಟ್ಟಡ ಮತ್ತು ಸಾಮಾನು ಎರಡಕ್ಕೂ ವಿಮೆ ಇದ್ದವು, ಒಂದಕ್ಕೆ ಮಾತ್ರ ಇದ್ದವು, ಏನೂ ಇಲ್ಲದವು ಎಂಬ ವಿಂಗಡಣೆ ಇದೆ. ‘ವಿಮೆ ಇಲ್ಲದ್ದು’ ಎಂಬ ಆ ಒಂದು ಸಾಲು ನನ್ನ ಪಾಲಿಗೆ ನೂರು ತಗಡಿಗಿಂತ ದೊಡ್ಡ ಸಾಕ್ಷಿ. ಹೋಗದ ಬೆಂಕಿಗೆ ಲೆಕ್ಕ ಇಡುವವರುಂಟೆ?

ಆ ಸಾಲಿಗೆ ಸೇರಬೇಕಾದ ಕಟ್ಟಡಗಳಲ್ಲಿ ಒಂದು, ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟು. 1834ರ ಅಕ್ಟೋಬರ್ 16ರ ಸಂಜೆ, ಬೊಕ್ಕಸದ ಹಳೆಯ ಲೆಕ್ಕದ ಮರದ ಕಡ್ಡಿಗಳನ್ನು ಒಲೆಗೆ ತುರುಕಿದ ಅಜಾಗರೂಕತೆಯಿಂದ ಅದು ಹೊತ್ತಿಕೊಂಡಿತು. ಸರಕಾರಿ ಕಟ್ಟಡ, ಒಂದು ಪೆನ್ನಿಯ ವಿಮೆ ಇಲ್ಲ, ಗೋಡೆಯಲ್ಲಿ ಸೂರ್ಯನೂ ಇಲ್ಲ, ಕೈಗಳೂ ಇಲ್ಲ. ಬ್ರೇಡ್‌ವುಡ್ 12 ಬಂಡಿ, 64 ಮಂದಿಯೊಡನೆ ಬಂದ. ಎರಡೂ ಸದನಗಳು ಹೋದವು, ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ‘ಪಾರ್ಲಿಮೆಂಟ್ ಬೇರೆ, ಬಡವನ ಮನೆ ಬೇರೆ’ ಎಂಬ ಆಕ್ಷೇಪ ಬರಬಹುದು. ಅದಕ್ಕೇ ಬ್ಯಾಡ್ಲಿಯ ಕೋಷ್ಟಕವನ್ನು ನಾನು ಮೊದಲು ಇಟ್ಟದ್ದು.

ನನ್ನ ಗುರುಗಳ ಓದು ತಪ್ಪಿದ್ದರಿಂದ ಅವರ ಕೈಬಿಟ್ಟುಹೋದದ್ದು ಇದಕ್ಕಿಂತ ದೊಡ್ಡದು. ಐಚ್ಛಿಕ ಪಾವತಿಯ ವ್ಯವಸ್ಥೆ ಲಂಡನ್ನಿನಲ್ಲಿ ಸೋತದ್ದು ನಿಜ. ಆದರೆ ಕಟ್ಟದವನನ್ನು ಕೈಬಿಟ್ಟಿತೆಂದು ಸೋತದ್ದಲ್ಲ, ಕೈಬಿಡಲಾಗದೆ ಸೋತದ್ದು. ಪ್ರೀಮಿಯಂ ಕಟ್ಟಿದವರ ದುಡ್ಡಿನಲ್ಲಿ ಇಡೀ ಊರಿನ ಬೆಂಕಿ ಆರುತ್ತಿತ್ತು. ಊರು ಬೆಳೆಯಿತು, ಗೋದಾಮುಗಳು ಬೆಳೆದವು, ದಳ ಬೆಳೆಯಲಿಲ್ಲ. 1861ರ ಜೂನ್ 22ರಂದು ಟೂಲಿ ಬೀದಿಯ ನದಿದಂಡೆಯ ಗೋದಾಮುಗಳಿಗೆ ಹತ್ತಿದ ಬೆಂಕಿ ಎರಡು ವಾರ ಉರಿಯಿತು. ಗೋಡೆ ಕುಸಿದು ಬ್ರೇಡ್‌ವುಡ್ ಸತ್ತ. ನಷ್ಟವನ್ನು ಸುಮಾರು 20 ಲಕ್ಷ ಪೌಂಡ್ ಎಂದು ಅಂದಾಜು ಮಾಡಿದರು. ಮರುವರ್ಷ ಕಂಪನಿಗಳು ಸರಕಾರಕ್ಕೆ ‘ಇನ್ನು ನಮ್ಮಿಂದಾಗದು, ನೀವೇ ವಹಿಸಿಕೊಳ್ಳಿ’ ಎಂದವು. 1865ರ ಕಾಯಿದೆಯ ಮೇಲೆ 1866ರ ಜನವರಿ 1ರಿಂದ ಸಾರ್ವಜನಿಕ ದಳ ನಡೆಯತೊಡಗಿತು. ಅದರ ಹಣದ ಏರ್ಪಾಟು ನೋಡಿ: ಆಸ್ತಿ ಮೌಲ್ಯದ ಪೌಂಡಿಗೆ ಅರ್ಧ ಪೆನ್ನಿ ಕರ, ಸರಕಾರದಿಂದ ವರ್ಷಕ್ಕೆ 10,000 ಪೌಂಡ್, ಕಂಪನಿಗಳಿಂದ ತಾವು ವಿಮೆ ಮಾಡಿದ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡ್. ಮೂರರಲ್ಲಿ ಒಂದೂ ಐಚ್ಛಿಕವಲ್ಲ. ಅರ್ಧ ಪೆನ್ನಿ ಸಾಲದೆ ದಳ ವರ್ಷಗಟ್ಟಲೆ ಬಿಗಿಹಿಡಿದು ನಡೆಯಬೇಕಾದದ್ದು ಬೇರೆ ಲೇಖನದ ವಸ್ತು.

ಹಾಗಾದರೆ ಒಬಿಯನ್ ಕೌಂಟಿಯ ಪೂರ್ವಜ ಲಂಡನ್ ಅಲ್ಲ. ಬಂದು ನಿಂತು, ಪಟ್ಟಿ ನೋಡಿ, ನೀರು ಹಾಯಿಸದಿರುವುದು ಸಾಧ್ಯವಾಗಬೇಕಾದರೆ ಮನೆಗಳ ನಡುವೆ ಹೊಲ ಇರಬೇಕು, ಗೋಡೆ ಹಂಚಿಕೊಂಡಿರಬಾರದು. ದಳ ಒಂದು ಪಟ್ಟಣದ್ದಾಗಿ, ಉರಿಯುವ ಮನೆ ಅದರ ತೆರಿಗೆಯ ಗಡಿಯಾಚೆ ಇರಬೇಕು. ಈ ಎರಡೂ ಕೂಡಿದ್ದು ಇಪ್ಪತ್ತನೆಯ ಶತಮಾನದ ಅಮೆರಿಕದ ಗ್ರಾಮಾಂತರದಲ್ಲಿ. ಅಲ್ಲಿ ಕೌಂಟಿ ತನ್ನದೇ ದಳ ಕಟ್ಟಲು ತೆರಿಗೆ ಹಾಕಲೊಲ್ಲದೆ, ಪಕ್ಕದ ಪಟ್ಟಣದ ಬಂಡಿಗೆ ಆತುಕೊಂಡಿತು. ಆ ವ್ಯವಸ್ಥೆಯ ಚರಿತ್ರೆ ಬರೆಯುವವರು ಟೆನೆಸ್ಸಿಯ ಕೌಂಟಿ ಸಭೆಗಳ ನಡವಳಿ ಪುಸ್ತಕ, ಬಜೆಟ್ ಕಡತಗಳಿಂದ ಶುರುಮಾಡಬೇಕು. ಮ್ಯೂಸಿಯಂ ಗೋಡೆಯ ಸೀಸದ ತಗಡು ಅವರಿಗೆ ಉಪಯೋಗವಿಲ್ಲ.