ಕಲ್ಲಿಲ್ಲದವರ ಇತಿಹಾಸ

ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರು ಶಾಸನಗಳ ಪರಿಚಯವುಳ್ಳವರಿಗೆಲ್ಲ ಗೊತ್ತು. ಅಲ್ಲಿಯ ಕಂಬದ ಶಾಸನ ಕ್ರಿ. ಶ. ೯೪೫ರದು. ಆಗ ಈ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳು, ದೀಪಕ್ಕೆಂದು ೧೨ ನಿವರ್ತನ ಭೂಮಿ, ಊರಿನಲ್ಲಿ ಮದುವೆಯಾದರೆ ಶಾಲೆಗೆ ೫ ನಾಣ್ಯ—ಎಲ್ಲವನ್ನೂ ಬರೆದಿಟ್ಟಿದ್ದಾರೆ. ಕಾಲ, ದಾನಿ, ಭೂಮಿಯ ಅಳತೆ ಮೂರೂ ಒಂದೇ ಕಲ್ಲಿನಲ್ಲಿ! ಇತಿಹಾಸಕಾರನಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಬೇಕೆ?

ಆದರೆ ಒಂದು ಮಾತು ಯೋಚಿಸಿರಿ. ಕಲ್ಲು ಮಾತನಾಡುವುದು ಭೂಮಿ ಕೊಟ್ಟವರ, ಪಡೆದವರ ಪರವಾಗಿ. ಆ ಮನೆಗಳಿಗೆ ನೀರು ಹೊತ್ತವರ ಹೆಸರನ್ನು ಯಾರೂ ಕೆತ್ತಿಸಲಿಲ್ಲ. ಶಾಸನವಿಲ್ಲದವರಿಗೆ ಇತಿಹಾಸವೂ ಇಲ್ಲವೆ?

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಿದ್ದಿಯರದು. ಒಂದು ನೆಲದಿಂದ ಬಂದು, ಇನ್ನೊಂದು ನೆಲದ ಮಾತು, ಮತ, ನಡೆನುಡಿಗಳೊಡನೆ ಬೆರೆತು ಹೊಸ ಜನವಾದವರನ್ನು ಪಶ್ಚಿಮದ ವಿದ್ವಾಂಸರು ‘ಕ್ರಿಯೋಲ್’ ಎನ್ನುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನ ಸಿದ್ದಿಯರು ನಮ್ಮಲ್ಲಿ ಅಂಥವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಹೆಚ್ಚಿನವರ ಮನೆಮಾತು ಒಂದು ಬಗೆಯ ಕೊಂಕಣಿ. ಪೋರ್ತುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟ ಸೇರಿದವರ ಸಂತತಿ ಇವರಲ್ಲಿ ಬಹುಮಂದಿ ಎಂಬುದು ವಿದ್ವಾಂಸರ ಮತ.

ಇವರ ಚರಿತ್ರೆ ಬರೆಯಹೊರಟವನಿಗೆ ಮೊದಲು ಸಿಕ್ಕುವ ಆಕರ ವಿಜಾಪುರದ ದರಬಾರು. ಸಾಲೋಟಗಿಯವರಿಗೆ ಅದೇನೂ ದೂರದ ಊರಲ್ಲ. ಆದಿಲಶಾಹಿಯಲ್ಲಿ ಆಫ್ರಿಕ ಮೂಲದ ಹಬಶಿಗಳು ದೊಡ್ಡ ಪದವಿಗೇರಿದ್ದರು. ದಿಲಾವರ್ ಖಾನನು ೧೫೮೨ರಿಂದ ೧೫೯೦ರವರೆಗೆ, ಬಾಲಕ ಇಬ್ರಾಹಿಮನ ಹೆಸರಿನಲ್ಲಿ, ರಾಜ್ಯವನ್ನೇ ನಡೆಸಿದನು. ಆ ಕಾಲದ ಸಂಗತಿಗಳನ್ನು ಬರೆದ ಫರಿಶ್ತಾ ಇಬ್ರಾಹಿಮನ ಆಶ್ರಿತ. ಅವನ ಗ್ರಂಥ ಅಮೂಲ್ಯವೇ ಸರಿ. ಆದರೆ ಅರಮನೆಯ ಕಿಟಕಿಯಿಂದ ಕಂಡಷ್ಟೇ ಅದರಲ್ಲಿದೆ.

ಇಲ್ಲಿ ಮೂರು ಎಚ್ಚರಗಳು ಬೇಕು. ‘ಇಖ್ಲಾಸ್ ಖಾನ್’ ಎಂಬುದು ಬಿರುದು, ಒಬ್ಬನಿಗಿಂತ ಹೆಚ್ಚು ಜನ ಅದನ್ನು ಧರಿಸಿದ್ದರು. ಹೆಸರು ಒಂದೆಂದು ಇಬ್ಬರ ಬಾಳನ್ನು ಒಬ್ಬನಿಗೆ ಹೊಲಿಯಬಾರದು. ‘ಹಬಶಿ’ ಎಂದರೆ ಅಬಿಸೀನಿಯದವನು. ಆದರೆ ಆಫ್ರಿಕದವರನ್ನೆಲ್ಲ ಹಾಗೆ ಕರೆಯುವ ರೂಢಿಯಿತ್ತು. ಆದ್ದರಿಂದ ಆ ಶಬ್ದ ಮೂಲಸ್ಥಾನಕ್ಕೆ ಸಾಕ್ಷಿಯಾಗದು. ಮೂರನೆಯದು, ಘಟ್ಟದ ಸಿದ್ದಿಯರನ್ನೆಲ್ಲ ವಿಜಾಪುರದ ಸರದಾರರ ವಂಶದವರೆಂದು ಬರೆಯುವ ಆಸೆ. ಕೇಳಲು ಹಿತ, ಆದರೆ ಪುರಾವೆ ಬೇಕಲ್ಲ!

ಗೋವೆಯ ದಫ್ತರಗಳಿಗೂ ಇದೇ ಪರೀಕ್ಷೆ. ಗುಲಾಮನಿಗೆ ದೀಕ್ಷೆ ಕೊಟ್ಟಾಗ ಹೊಸ ಹೆಸರಿಡುತ್ತಿದ್ದರು. ತಾಯಿ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಯಜಮಾನನ ಲೆಕ್ಕ ಯಜಮಾನನ ಕಣ್ಣಿನದು.

ಹಾಗಾದರೆ ಸಿದ್ದಿಯರ ಸ್ವಂತ ಸಾಕ್ಷಿ ಯಾವುದು? ಹಾಡು, ಹಿರಿಯರ ಕಥೆ, ದಮಾಮಿ, ಕೌದಿ. ಇವನ್ನೂ ತೂಗಿ ನೋಡಬೇಕು. ಕೌದಿ ನಿಮ್ಮ ಅಜ್ಜಿಯ ಮನೆಯಲ್ಲೂ ಇದೆ. ಕೌದಿಯೆಂದ ಮಾತ್ರಕ್ಕೆ ಅದು ಆಫ್ರಿಕದ್ದಾಗದು. ‘ದಮಾಮ’ ಪಾರಸಿಯಲ್ಲಿಯೂ ಇರುವ ಶಬ್ದ. ಇದರಿಂದ ಸಿದ್ದಿಯರ ಪರಂಪರೆ ಕಡಿಮೆಯಾಯಿತೆ? ಇಲ್ಲ, ಬೆರಕೆಯೇ ಅವರ ಪರಂಪರೆ. ೨೦೧೧ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯೂ ಸಿದ್ದಿಯರಲ್ಲಿ ಆಫ್ರಿಕದ ಮತ್ತು ಭಾರತದ ಮೂಲಗಳು ಕೂಡಿರುವುದನ್ನು ಕಂಡಿತು. ಶುದ್ಧ ಆಫ್ರಿಕವನ್ನೇ ಹುಡುಕುವವನು ಎದುರಿಗಿರುವ ಮನುಷ್ಯನನ್ನೇ ಕಾಣದೆ ಹೋಗುತ್ತಾನೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರು ೨೦೨೦ರಲ್ಲಿ. ಜಿಲ್ಲೆಯ ಗಡಿಯಾಚೆಗಿನ ಬಂಧುಗಳು ಹದಿನೇಳು ವರ್ಷ ಕಾಯಬೇಕಾಯಿತು. ಇಂಥ ಮಾನ್ಯತೆಗೆ ಒಂದು ಜನ ತಾನು ಯಾರೆಂದು ಕಾಗದದಲ್ಲಿ ತೋರಿಸಬೇಕಾಗುತ್ತದೆ. ಹುಸಿ ವೈಭವದ ಕಥೆ ಅಲ್ಲಿ ನಿಲ್ಲುವುದಿಲ್ಲ.

ಡಾ. ಪಾಲಾಕ್ಷಪ್ಪನವರು ಸಿದ್ದಿಯರ ನಡುವೆ ಅಧ್ಯಯನ ಮಾಡಿ ೧೯೭೬ರಲ್ಲಿ ಗ್ರಂಥ ಪ್ರಕಟಿಸಿದರು. ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ. ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಕೆಲವು ನಿಯಮ ಪಾಲಿಸಿರಿ. ಹೇಳಿದವರ ಒಪ್ಪಿಗೆ ಪಡೆಯಿರಿ. ಯಾರು, ಯಾವ ಊರಲ್ಲಿ, ಯಾವ ದಿನ, ಯಾವ ಭಾಷೆಯಲ್ಲಿ ಹೇಳಿದರೆಂದು ಬರೆಯಿರಿ. ಅವರ ಮಾತು ಬೇರೆ, ನಿಮ್ಮ ಊಹೆ ಬೇರೆ ಇರಲಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಉಳಿಸಿರಿ. ಕೊನೆಗೆ ಬರೆದದ್ದರ ಒಂದು ಪ್ರತಿಯನ್ನು ಆ ಊರಿಗೇ ಕೊಟ್ಟು ಬನ್ನಿರಿ. ಕಲ್ಲು ನಿಂತಿದ್ದು ಅದು ಯಾರ ಊರೋ ಅವರ ನಡುವೆಯೇ ಅಲ್ಲವೆ?