ದ್ಯೂತ, ಸಮಾಹ್ವಯ ಮತ್ತು ಸಭಿಕನ ಪಾಲು

ಆಟದಲ್ಲಿ ಬುದ್ಧಿಯುಳ್ಳವನು ಧನವನ್ನು ಸಂಪಾದಿಸಬಹುದೆಂಬ ನಂಬಿಕೆ ಹೊಸದಲ್ಲ. ಇತ್ತೀಚಿನ ವರ್ಷಗಳಲ್ಲಿ ಆನ್‌ಲೈನ್ ಪೋಕರ್ ಮತ್ತು ಫ್ಯಾಂಟಸಿ ಕ್ರಿಕೆಟ್ ಎಂಬ ಎರಡು ಪಣದಾಟಗಳು ಮೊಬೈಲಿನ ಮೂಲಕ ಮನೆಗಳನ್ನು ಹೊಕ್ಕು, ಬಿಡುವಿನ ವಿನೋದವೇ ವರಮಾನದ ಮಾರ್ಗವೆಂಬ ಆಸೆಯನ್ನು ಅನೇಕ ತರುಣರಲ್ಲಿ ಹುಟ್ಟಿಸಿದುವು. ಇವೆರಡರಲ್ಲಿ ಯಾವುದು ಲಾಭಕರವೆಂದು ಕೇಳುವವರು ನಮ್ಮ ಪ್ರಾಚೀನರ ವಿಚಾರವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಮುಂದಿಟ್ಟು ಪಣವೊಡ್ಡುವುದು ಸಮಾಹ್ವಯ ಎಂದು ಮನುಸ್ಮೃತಿಯು ವಿಭಾಗಿಸುತ್ತದೆ. ದಾಳ, ಕವಡೆ, ಇಸ್ಪೀಟುಗಳು ಮೊದಲನೆಯ ವರ್ಗದವು. ಕೋಳಿ ಅಂಕ, ಟಗರಿನ ಕಾಳಗಗಳು ಎರಡನೆಯವು. ಪೋಕರ್ ದ್ಯೂತದ ಸಂತತಿ. ಅಲ್ಲಿ ಆಟಗಾರನು ಪ್ರತಿಯೊಂದು ಸುತ್ತಿನಲ್ಲಿಯೂ ಪಣವನ್ನೇರಿಸುವ ಇಲ್ಲವೆ ಎಲೆಯನ್ನು ಕೆಳಗಿಡುವ ನಿರ್ಣಯವನ್ನು ತಾನೇ ಮಾಡುತ್ತಾನೆ. ಫ್ಯಾಂಟಸಿ ಕ್ರೀಡೆಯಾದರೋ ಸಮಾಹ್ವಯಕ್ಕೆ ಸಮೀಪವಾದುದು. ತಂಡವನ್ನು ಆರಿಸಿದ ಮೇಲೆ ಫಲವು ಮೈದಾನದಲ್ಲಿರುವ ಅನ್ಯರ ಕೈಯಲ್ಲಿರುತ್ತದೆ.

ಮನುವು ಎರಡನ್ನೂ ರಾಜನು ನಿಗ್ರಹಿಸಬೇಕೆಂದನು. ಯಾಜ್ಞವಲ್ಕ್ಯನು ಮೇಲ್ವಿಚಾರಣೆಯೊಡನೆ ಅವಕಾಶವನ್ನಿತ್ತನು. ಆ ಸ್ಮೃತಿಗೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಜೂಜುಕಟ್ಟೆಯನ್ನು ನಡೆಸುವವನಿಗೆ ಅಲ್ಲಿ ಸಭಿಕನೆಂದು ಹೆಸರು. ನೂರಕ್ಕೆ ಐದು ಅವನ ಒಂದು ಪಾಲು. ಹತ್ತು ಜನರು ತಲಾ 100 ರೂಪಾಯಿ ಹೂಡಿದರೆ 50 ಸಭಿಕನಿಗೆ, 950 ಆಟಗಾರರಿಗೆ. ಅದೇ ಪಣದಿಂದ 20 ಬಾರಿ ಆಡಿದರೆ 1,000 ರೂಪಾಯಿ ಅವನ ಗಂಟನ್ನು ಸೇರುತ್ತದೆ. ಆಟಗಾರರಲ್ಲಿ ಕೆಲವರು ಗೆಲ್ಲಬಹುದು. ಎಲ್ಲರನ್ನೂ ಕೂಡಿಸಿ ನೋಡಿದರೆ ನಷ್ಟವೇ ನಿಶ್ಚಯ.

ಆಧುನಿಕ ನ್ಯಾಯಾಲಯಗಳು ವಿಚಾರಿಸಿದ್ದು ಬೇರೊಂದು ಪ್ರಶ್ನೆಯನ್ನು: ಆಟದಲ್ಲಿ ಕೌಶಲವು ಪ್ರಧಾನವೋ, ಅದೃಷ್ಟವೋ? 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾನದಂಡವನ್ನು ಹಿಡಿಯಿತು. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿದರೆ, ಅದು ಜೂಜೇ ಎಂದು 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. ಅದೇ ವರ್ಷ ಪಂಜಾಬ್ ಮತ್ತು ಹರಿಯಾಣಾ ಉಚ್ಚ ನ್ಯಾಯಾಲಯವು ಫ್ಯಾಂಟಸಿ ಕ್ರೀಡೆಯನ್ನು ಕೌಶಲದ ಆಟವೆಂದಿತು. ಕರ್ನಾಟಕವು 2021ರಲ್ಲಿ ತಂದ ನಿಷೇಧದ ಮುಖ್ಯ ವಿಧಿಗಳು 2022ರ ಫೆಬ್ರವರಿ 14ರಂದು ರದ್ದಾದುವು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟಗಳೆಂಬ ಭೇದವನ್ನೇ ಬದಿಗಿಟ್ಟು, ಆನ್‌ಲೈನಿನ ಹಣದಾಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ ದಂಡನೆಯು ಆಟವನ್ನು ನಡೆಸುವವರಿಗೇ ಹೊರತು ಆಡುವವರಿಗಲ್ಲ. ದೃಷ್ಟಿಯು ಮರಳಿ ಸಭಿಕನ ಮೇಲೆ ನೆಟ್ಟಿತು.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯನ್ನೊಳಗೊಂಡ ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯಂದು ಜೂಜಾಡುವ ರೂಢಿಯುಂಟು. ಅದರಿಂದಲೂ ಕೆಟ್ಟ ಮನೆಗಳುಂಟು. ಆದರೆ ನೆರೆಹೊರೆಯವರು ಜಗಲಿಯ ಮೇಲೆ ಕುಳಿತು ಆಡುವಾಗ ಸೋತವನ ಕಾಸು ಎದುರುಮನೆಯಲ್ಲಿ ಉಳಿಯುತ್ತದೆ. ಹಬ್ಬ ಕಳೆದರೆ ಆಟವೂ ಮುಗಿಯುತ್ತದೆ. ಮೊಬೈಲಿನ ಕಟ್ಟೆಗೆ ಹಬ್ಬವಿಲ್ಲ, ಹೊತ್ತಿಲ್ಲ. ಎದುರಾಳಿಯ ಮುಖವೂ ಕಾಣುವುದಿಲ್ಲ.

ಕೌಶಲವೆಂಬುದು ಸುಳ್ಳಲ್ಲ. ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ಪುಷ್ಕರನಿಂದ ರಾಜ್ಯವನ್ನು ಮರಳಿ ಗೆದ್ದನು. ಆದರೆ ವಿದ್ಯೆಯು ಕೈಗೂಡಿದ ಮೇಲೆ ಕಳೆದುದನ್ನು ಪಡೆದು ತಮ್ಮನನ್ನು ಕ್ಷಮಿಸಿದನೇ ಹೊರತು ದಾಳವನ್ನು ಜೀವನೋಪಾಯವಾಗಿ ಮಾಡಿಕೊಳ್ಳಲಿಲ್ಲ. ಪೋಕರೋ ಫ್ಯಾಂಟಸಿಯೋ ಎಂದು ತೂಗುವವರು ನಳನ ಕಥೆಯ ಈ ಕೊನೆಯನ್ನೂ ತಕ್ಕಡಿಯಲ್ಲಿ ಇಡಬೇಕು.