ವಿಹಾರ ದೋಣಿಗಳ ಶೌಚ ತ್ಯಾಜ್ಯ ಸಂಗ್ರಹಣಾ ತೊಟ್ಟಿ: ದೋಷ ಪತ್ತೆ ಮತ್ತು ಪರಿಹಾರ

ದೋಣಿಮನೆ ಹಾಗೂ ವಿಹಾರ ದೋಣಿಗಳ ಮಾಲೀಕರು, ಚಾಲಕರು ಮತ್ತು ತಪಾಸಣೆಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

1. ಉದ್ದೇಶ

ದೋಣಿಯ ಶೌಚಾಲಯದ ತ್ಯಾಜ್ಯವನ್ನು ನೀರಿಗೆ ಬಿಡದೆ, ದಡದಲ್ಲಿ ಹೀರಿ ತೆಗೆಯುವವರೆಗೆ ಶೇಖರಿಸಿಡುವುದು ಸಂಗ್ರಹಣಾ ತೊಟ್ಟಿಯ ಕೆಲಸ. 1917ರ ಕಾಯಿದೆಯ ಬದಲಿಗೆ ಜಾರಿಗೆ ಬಂದಿರುವ ಒಳನಾಡು ನೌಕೆಗಳ ಅಧಿನಿಯಮ, 2021, ನೌಕೆಗಳಿಂದ ಜಲಮಾರ್ಗಗಳು ಮಲಿನಗೊಳ್ಳುವುದನ್ನು ನಿಷೇಧಿಸುತ್ತದೆ. ಉಡುಪಿ ಜಿಲ್ಲೆಯ ಸ್ವರ್ಣಾ ಮತ್ತು ಸೀತಾ ನದಿಗಳ ಅಳಿವೆಯಂತಹ ಹಿನ್ನೀರುಗಳಲ್ಲಿ ಸ್ಥಳೀಯರು ಮೀನು ಹಿಡಿದು, ಮರುವಾಯಿ ಹೆಕ್ಕಿ ಜೀವನ ಸಾಗಿಸುತ್ತಾರೆ. ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ, ನೀರಿನಲ್ಲಿರುವ ರೋಗಾಣುಗಳು ಅವುಗಳಲ್ಲಿ ಸೇರಿ ತಿನ್ನುವವರನ್ನು ತಲುಪುತ್ತವೆ. ಆದ್ದರಿಂದ ತೊಟ್ಟಿಯನ್ನು ಸುಸ್ಥಿತಿಯಲ್ಲಿಡುವುದು ಅತ್ಯಗತ್ಯ.

2. ಮೊದಲು ಪರಿಶೀಲಿಸಬೇಕಾದುದು: ಗಾಳಿ ಕೊಳವೆ

ತೊಟ್ಟಿಯಿಂದ ದೋಣಿಯ ಹೊರಮೈಗೆ ಸಣ್ಣ ಗಾಳಿ ಕೊಳವೆಯೊಂದು ಇರುತ್ತದೆ. ಅನೇಕ ತೊಂದರೆಗಳಿಗೆ ಇದು ಕಟ್ಟಿಕೊಳ್ಳುವುದೇ ಮೂಲ. ಕೀಟಗಳ ಗೂಡು, ಉಪ್ಪಿನ ಹರಳು ಹಾಗೂ ತೊಟ್ಟಿ ತುಂಬಿ ಉಕ್ಕಿದಾಗ ಸೇರುವ ಮಲಿನವು ಸಾಮಾನ್ಯ ಕಾರಣಗಳು. ಕೊಳವೆ ಕಟ್ಟಿಕೊಂಡಲ್ಲಿ,

ಅ) ಒಳಗೆ ಒತ್ತಡ ಹೆಚ್ಚಿ ಶೌಚಾಲಯದ ಪಂಪು ಬಿಗಿಯಾಗುತ್ತದೆ;
ಆ) ಗಾಳಿಯಿಲ್ಲದೆ ಕೊಳೆತು ದುರ್ವಾಸನೆ ಹೆಚ್ಚುತ್ತದೆ;
ಇ) ಯಂತ್ರದಿಂದ ಹೀರುವಾಗ ಒಳಗೆ ನಿರ್ವಾತವುಂಟಾಗಿ ಹರಿವು ನಿಲ್ಲುತ್ತದೆ, ತೊಟ್ಟಿಯ ಗೋಡೆ ಒಳಕ್ಕೆ ಕುಸಿಯಲೂಬಹುದು.

ಇಂತಹ ಸಂದರ್ಭದಲ್ಲಿ ಶೌಚಾಲಯದ ಬಳಕೆಯನ್ನು ನಿಲ್ಲಿಸತಕ್ಕದ್ದು. ಅಟ್ಟಣೆಯ ಮೇಲಿನ ಮುಚ್ಚಳವನ್ನು, ಮುಖವನ್ನು ದೂರವಿಟ್ಟುಕೊಂಡು, ನಿಧಾನವಾಗಿ ಸಡಿಲಿಸಬೇಕು. ಒತ್ತಡವಿದ್ದಲ್ಲಿ ಮಲಿನ ಚಿಮ್ಮಬಹುದು. ಬಳಿಕ ಗಾಳಿ ಕೊಳವೆಯ ಹೊರತುದಿಯನ್ನು ಬಿಡಿಸಬೇಕು. ತೊಟ್ಟಿಯಲ್ಲಿ ಸ್ಥಳಾವಕಾಶವಿದ್ದಲ್ಲಿ ಮಾತ್ರ ಹೊರಗಿನಿಂದ ಕಡಿಮೆ ಒತ್ತಡದ ನೀರು ಹಾಯಿಸಬಹುದು.

3. ಇತರ ದೋಷಗಳು ಮತ್ತು ಕ್ರಮ

ಅ) ಶೌಚ ಪಾತ್ರೆಗೆ ನೀರು ಹಿಮ್ಮರಳುವುದು: ಪಂಪಿನ ನಿರ್ಗಮದಲ್ಲಿರುವ ರಬ್ಬರಿನ ಏಕಮುಖ ಕವಾಟ ಸವೆದಿರಬಹುದು ಅಥವಾ ಅದರಲ್ಲಿ ಕಸ ಸಿಲುಕಿರಬಹುದು. ಶುಚಿಗೊಳಿಸಬೇಕು, ಸವೆದಿದ್ದಲ್ಲಿ ಬದಲಾಯಿಸಬೇಕು.

ಆ) ಮಟ್ಟಸೂಚಕ ಸದಾ ಒಂದೇ ಮಟ್ಟ ತೋರಿಸುವುದು: ತೇಲುಗುಂಡಿಗೆ ಮಲಿನ ಅಥವಾ ಕಾಗದ ಅಂಟಿರಬಹುದು. ತೊಟ್ಟಿಯನ್ನು ಬರಿದು ಮಾಡಿಸಿ, ಶುದ್ಧ ನೀರು ತುಂಬಿ ಮತ್ತೆ ಹೀರಿಸಬೇಕು. ದೋಷ ಮುಂದುವರಿದಲ್ಲಿ ತಂತಿ ಜೋಡಣೆಯನ್ನು ಪರೀಕ್ಷಿಸಬೇಕು.

ಇ) ಸೋರಿಕೆಯಿಲ್ಲದಿದ್ದರೂ ವಾಸನೆ: ಕೊಳವೆಯ ಗೋಡೆಯ ಮೂಲಕವೇ ವಾಸನೆ ಹೊರಬರುತ್ತಿರಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಶುಚಿಗೊಳಿಸಿದ ಕೊಳವೆಗೆ ಸುತ್ತಿ, ಆರಿದ ಬಳಿಕ ದೂರ ಒಯ್ದು ಮೂಸಿ ನೋಡಬೇಕು. ಬಟ್ಟೆಗೆ ವಾಸನೆ ಹಿಡಿದಿದ್ದಲ್ಲಿ ಕೊಳವೆಯನ್ನು ಬದಲಾಯಿಸತಕ್ಕದ್ದು.

ಈ) ಹೀರುವ ಯಂತ್ರ ಗಾಳಿಯನ್ನಷ್ಟೇ ಎಳೆಯುವುದು: ಮೆದುಗೊಳವೆಯ ಜೋಡಣೆ ಮತ್ತು ರಬ್ಬರ್ ಉಂಗುರಗಳನ್ನು ಪರಿಶೀಲಿಸಬೇಕು.

ಉ) ಉಪ್ಪುನೀರು ಬಳಸುವ ಶೌಚಾಲಯದ ಕೊಳವೆ ಕಿರಿದಾಗುವುದು: ಸಮುದ್ರದ ನೀರು ಮೂತ್ರದೊಡನೆ ಸೇರಿ ಸುಣ್ಣದಂತಹ ಪದರ ಕಟ್ಟುತ್ತದೆ. ಆಗಾಗ್ಗೆ ವಿನೆಗರ್ ಹಾಯಿಸುವುದರಿಂದ ಇದನ್ನು ತಡೆಯಬಹುದು. ಬ್ಲೀಚಿಂಗ್ ದ್ರಾವಣ ಮತ್ತು ಆಮ್ಲವನ್ನು ಯಾವ ಕಾರಣಕ್ಕೂ ಬೆರೆಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಉಂಟಾಗುತ್ತದೆ.

4. ಎಚ್ಚರಿಕೆ

ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳು ಶೇಖರವಾಗುತ್ತವೆ. ಮೊದಲನೆಯದು ಹೆಚ್ಚಿನ ಪ್ರಮಾಣದಲ್ಲಿ ಮೂಗಿನ ವಾಸನಾ ಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ವಾಸನೆ ನಿಂತ ಮಾತ್ರಕ್ಕೆ ಅಪಾಯ ದೂರವಾಯಿತೆಂದು ಭಾವಿಸಬಾರದು. ಮೀಥೇನ್ ಉರಿಯುವ ಅನಿಲವಾದ್ದರಿಂದ ಸಮೀಪದಲ್ಲಿ ಬೀಡಿ, ಸಿಗರೇಟು, ಬೆಂಕಿ ಕೂಡದು.

ತೊಟ್ಟಿಯೊಳಗೆ ಯಾರೂ ಇಳಿಯಕೂಡದು, ತಲೆಯನ್ನೂ ಹಾಕಕೂಡದು, ಕೂಲಿಯಾಳುಗಳನ್ನೂ ಇಳಿಸಕೂಡದು. ಮಲಗುಂಡಿಗಳಲ್ಲಿ ಕುಸಿದವರನ್ನು ಎತ್ತಲು ಇಳಿದವರೂ ಮೃತಪಟ್ಟ ಘಟನೆಗಳು ಪದೇ ಪದೇ ಸಂಭವಿಸಿವೆ. ಯಾರಾದರೂ ಅಸ್ವಸ್ಥರಾದಲ್ಲಿ ಹಿಂಬಾಲಿಸಿ ಇಳಿಯದೆ, ಬಾಗಿಲು, ಕಿಟಕಿಗಳನ್ನು ತೆರೆದು ಕೂಡಲೇ 112ಕ್ಕೆ ಕರೆ ಮಾಡಬೇಕು.

5. ಅರ್ಜಿದಾರರ ಗಮನಕ್ಕೆ

ತಪಾಸಣೆಗೆ ದೋಣಿಯನ್ನು ಒಪ್ಪಿಸುವ ಮುನ್ನ ತೊಟ್ಟಿಯನ್ನು ಯಂತ್ರದಿಂದ ಬರಿದು ಮಾಡಿಸಿ, ಶುದ್ಧ ನೀರಿನಿಂದ ತೊಳೆಸಿ, ಮೇಲಿನ ಅಂಶಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ದುರಸ್ತಿ ಪೂರ್ಣಗೊಳ್ಳುವವರೆಗೆ ಪ್ರವಾಸಿಗರಿಗೆ ದಡದ ಶೌಚಾಲಯದ ವ್ಯವಸ್ಥೆ ಮಾಡತಕ್ಕದ್ದು. ತೊಟ್ಟಿ ಕೆಟ್ಟಿದೆಯೆಂಬ ಕಾರಣಕ್ಕೆ ತ್ಯಾಜ್ಯವನ್ನು ಹೊಳೆಗೆ ಬಿಡಲು ಅವಕಾಶವಿರುವುದಿಲ್ಲ.